ಪಿ. ಬಿ. ಗಜೇಂದ್ರಗಡಕರ

ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡಕರ (16 ಮಾರ್ಚ್ 1901 – 12 ಜೂನ್ 1981) ಅವರು ಭಾರತದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ನ್ಯಾಯವೇತ್ತರು. ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. ಸ್ವಾತಂತ್ರ್ಯಾನಂತರದ ಕಾರ್ಮಿಕ ಕಾನೂನನ್ನು ರೂಪಿಸಿದವರಲ್ಲಿ ಇವರು ಪ್ರಮುಖರು. ವಿಶ್ವವಿದ್ಯಾಲಯದ ಅಧ್ಯಾಪಕರಿಗೂ ಆಡಳಿತಕ್ಕೂ ನಡುವಿನ ವಿವಾದಗಳು ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುತ್ತವೆಯೇ ಎಂಬ ಪ್ರಶ್ನೆಯಲ್ಲಿ ಇವರು 1963ರಲ್ಲಿ ನೀಡಿದ ತೀರ್ಪು ದೀರ್ಘಕಾಲದ ಪರಿಣಾಮ ಬೀರಿತು.

ಜನನ ಮತ್ತು ಶಿಕ್ಷಣ

ಗಜೇಂದ್ರಗಡಕರ ಅವರು ಸಾತಾರದಲ್ಲಿ ಜನಿಸಿದರು. ಇವರ ಮನೆತನದ ಮೂಲ ಇಂದಿನ ಗದಗ ಜಿಲ್ಲೆಯ ಗಜೇಂದ್ರಗಡ. ಅಡ್ಡಹೆಸರು ಆ ಊರಿನಿಂದಲೇ ಬಂದಿದೆ. ತಂದೆ ಬಾಲಾಚಾರ್ಯರು ಸಂಸ್ಕೃತ ವಿದ್ವಾಂಸರು. ಸಾತಾರದಲ್ಲಿ ಪ್ರೌಢಶಿಕ್ಷಣ ಮುಗಿಸಿದ ಬಳಿಕ 1918ರಿಂದ 1920ರವರೆಗೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಆಗ ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. 1917ರಲ್ಲಷ್ಟೇ ಆರಂಭವಾಗಿದ್ದ ಆ ಕಾಲೇಜು ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿತ್ತು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ 1924ರಲ್ಲಿ ಎಂ.ಎ. ಪದವಿಯನ್ನೂ, 1926ರಲ್ಲಿ ಕಾನೂನು ಪದವಿಯನ್ನೂ ಪಡೆದರು.

ನ್ಯಾಯಾಂಗ ಸೇವೆ

ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ವಕೀಲಿ ವೃತ್ತಿ ನಡೆಸಿದ ಗಜೇಂದ್ರಗಡಕರ ಅವರು 1945ರಲ್ಲಿ ಅಲ್ಲಿಯೇ ನ್ಯಾಯಾಧೀಶರಾದರು. ಬ್ಯಾಂಕ್ ನೌಕರರ ವೇತನ ವಿವಾದದಲ್ಲಿ ನ್ಯಾಯಮಂಡಳಿಯ ತೀರ್ಮಾನವನ್ನು ಕೇಂದ್ರ ಸರ್ಕಾರ ಮಾರ್ಪಡಿಸಿದ್ದನ್ನು ಒಪ್ಪದೆ ಕಾರ್ಮಿಕ ಸಚಿವ ವಿ. ವಿ. ಗಿರಿ ಅವರು 1954ರಲ್ಲಿ ರಾಜೀನಾಮೆ ನೀಡಿದ್ದರು. ಈ ವಿವಾದವನ್ನು ಪರಿಶೀಲಿಸಿದ ಬ್ಯಾಂಕ್ ತೀರ್ಪು ಆಯೋಗದ ಹೊಣೆ 1955ರಲ್ಲಿ ಗಜೇಂದ್ರಗಡಕರ ಅವರಿಗೆ ಬಂದಿತು. ಬಳಿಕ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಕಗೊಂಡು, 1 ಫೆಬ್ರವರಿ 1964ರಿಂದ 15 ಮಾರ್ಚ್ 1966ರವರೆಗೆ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು.

ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಇವರ ತೀರ್ಪುಗಳಲ್ಲಿ ಎಂ. ಆರ್. ಬಾಲಾಜಿ ಮತ್ತು ಮೈಸೂರು ರಾಜ್ಯ ಪ್ರಕರಣ ಪ್ರಸಿದ್ಧವಾದುದು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡಾ 68ರಷ್ಟು ಸ್ಥಾನಗಳನ್ನು ಮೀಸಲಿರಿಸಿದ್ದ ಮೈಸೂರು ಸರ್ಕಾರದ ಆದೇಶವನ್ನು ಈ ಪ್ರಕರಣದಲ್ಲಿ ರದ್ದುಗೊಳಿಸಲಾಯಿತು. ಮೀಸಲಾತಿ ಸಾಮಾನ್ಯವಾಗಿ ಶೇಕಡಾ 50ಕ್ಕಿಂತ ಕಡಿಮೆಯಿರಬೇಕೆಂಬ ಅಭಿಪ್ರಾಯವೂ ಇದರಲ್ಲಿ ವ್ಯಕ್ತವಾಯಿತು.

ವಿಶ್ವವಿದ್ಯಾಲಯ ಮತ್ತು ಕಾರ್ಮಿಕ ಕಾನೂನು

ನೌಕರರು ಒಬ್ಬೊಬ್ಬರಾಗಿ ಅಲ್ಲದೆ ಸಂಘದ ಮೂಲಕ ಒಟ್ಟಾಗಿ ಆಡಳಿತದೊಡನೆ ಮಾತುಕತೆ ನಡೆಸಿ ವೇತನ ಮತ್ತು ಸೇವಾ ನಿಯಮಗಳನ್ನು ಗೊತ್ತುಪಡಿಸಿಕೊಳ್ಳುವ ಕ್ರಮಕ್ಕೆ ಸಾಮೂಹಿಕ ಚೌಕಾಸಿ ಎಂದು ಹೆಸರು. ಮಾತುಕತೆ ಮುರಿದುಬಿದ್ದರೆ ಸಂಧಾನ ಮತ್ತು ನ್ಯಾಯಮಂಡಳಿಯ ಮಾರ್ಗವನ್ನು 1947ರ ಕೈಗಾರಿಕಾ ವಿವಾದಗಳ ಅಧಿನಿಯಮ ಒದಗಿಸಿತು. ಆದರೆ ಆ ಮಾರ್ಗ ತೆರೆಯಬೇಕಾದರೆ ಸಂಸ್ಥೆಯು ಕಾನೂನಿನ ಅರ್ಥದಲ್ಲಿ ಕೈಗಾರಿಕೆಯಾಗಿರಬೇಕು, ನೌಕರನು ಕಾರ್ಮಿಕನಾಗಿರಬೇಕು.

1960ರಲ್ಲಿ ಆಸ್ಪತ್ರೆ ಮಜ್ದೂರ್ ಸಭಾ ಪ್ರಕರಣದಲ್ಲಿ ಗಜೇಂದ್ರಗಡಕರ ಅವರು ಕೈಗಾರಿಕೆ ಎಂಬ ಪದಕ್ಕೆ ವಿಶಾಲವಾದ ಅರ್ಥ ನೀಡಿದರು. ಲಾಭದ ಉದ್ದೇಶವಿಲ್ಲದ ಸರ್ಕಾರಿ ಆಸ್ಪತ್ರೆಯೂ ಕೈಗಾರಿಕೆಯೇ ಎಂದು ತೀರ್ಪಾಯಿತು. ಮೂರು ವರ್ಷಗಳ ಬಳಿಕ ದೆಹಲಿ ವಿಶ್ವವಿದ್ಯಾಲಯ ಮತ್ತು ರಾಮನಾಥ ಪ್ರಕರಣ ಬಂದಿತು. ವಿದ್ಯಾರ್ಥಿನಿಯರಿಗಾಗಿ ನಡೆಸುತ್ತಿದ್ದ ಬಸ್ ವ್ಯವಸ್ಥೆಯಲ್ಲಿ ನಷ್ಟವಾಗುತ್ತಿದೆಯೆಂದು ವಿಶ್ವವಿದ್ಯಾಲಯ ಅದನ್ನು ನಿಲ್ಲಿಸಿ ಚಾಲಕರನ್ನು ಕೆಲಸದಿಂದ ತೆಗೆದಿತ್ತು. ಚಾಲಕರು ಪರಿಹಾರ ಕೇಳಿದರು. ಕೈಗಾರಿಕಾ ನ್ಯಾಯಮಂಡಳಿ ಅವರ ಪರವಾಗಿ ನಿಂತಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ವಿಶ್ವವಿದ್ಯಾಲಯದ ಮುಖ್ಯ ಕಾರ್ಯ ಶಿಕ್ಷಣ. ಅದನ್ನು ನಡೆಸುವವರು ಅಧ್ಯಾಪಕರು. ಅಧ್ಯಾಪಕರು ಈ ಕಾನೂನಿನಂತೆ ಕಾರ್ಮಿಕರಲ್ಲ. ಆದ್ದರಿಂದ ಇತರ ನೌಕರರ ಗೌಣ ಸೇವೆಯ ಆಧಾರದ ಮೇಲೆ ವಿಶ್ವವಿದ್ಯಾಲಯವನ್ನು ಕೈಗಾರಿಕೆ ಎನ್ನಲಾಗದು ಎಂಬುದು ಗಜೇಂದ್ರಗಡಕರ ಅವರ ತರ್ಕವಾಗಿತ್ತು. ಇದರಿಂದ ಬೋಧಕರು, ಬೋಧಕೇತರರು ಇಬ್ಬರಿಗೂ ಕೈಗಾರಿಕಾ ನ್ಯಾಯಮಂಡಳಿಯ ಬಾಗಿಲು ಮುಚ್ಚಿತು.

ಕುಲಪತಿ ಮತ್ತು ಆಯೋಗಗಳ ಅಧ್ಯಕ್ಷ

ನಿವೃತ್ತಿಯ ನಂತರ 1966ರಿಂದ 1971ರವರೆಗೆ ಇವರು ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಇದೇ ಅವಧಿಯಲ್ಲಿ ಇವರ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಮಿಕ ಆಯೋಗ 1969ರಲ್ಲಿ ವರದಿ ಸಲ್ಲಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಉದ್ಯಮಗಳಲ್ಲಿ ಕಾರ್ಮಿಕ ಸಂಘಕ್ಕೆ ಚೌಕಾಸಿಯ ಪ್ರತಿನಿಧಿಯಾಗಿ ಮಾನ್ಯತೆ ನೀಡುವುದನ್ನು ಕಡ್ಡಾಯಗೊಳಿಸಬೇಕೆಂದು ಆಯೋಗ ಶಿಫಾರಸು ಮಾಡಿತು. ಕಾರ್ಖಾನೆಯಲ್ಲಿ ಸಂಘಟಿತ ಮಾತುಕತೆಯನ್ನು ಕಾನೂನಿನಿಂದಲೇ ಬಲಪಡಿಸಬಯಸಿದ ಇವರು ವಿಶ್ವವಿದ್ಯಾಲಯವನ್ನು ಬೇರೆಯೇ ಬಗೆಯ ಸಂಸ್ಥೆಯೆಂದು ಕಂಡಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗವು ವಿಶ್ವವಿದ್ಯಾಲಯಗಳ ಆಡಳಿತವನ್ನು ಕುರಿತು ನೇಮಿಸಿದ ಸಮಿತಿಗೂ ಇವರೇ ಅಧ್ಯಕ್ಷರಾಗಿದ್ದರು. ಆಡಳಿತ ಮಂಡಲಗಳಲ್ಲಿ ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಅದರ ಪರಿಶೀಲನೆಯ ವಿಷಯಗಳಲ್ಲಿ ಸೇರಿತ್ತು.

1971ರಿಂದ 1977ರವರೆಗೆ ಕಾನೂನು ಆಯೋಗದ ಅಧ್ಯಕ್ಷರಾಗಿದ್ದ ಇವರಿಗೆ 1972ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. 1981ರಲ್ಲಿ ನಿಧನರಾದರು. ಇವರ ಆತ್ಮಕಥೆ ಮರಣಾನಂತರ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ತೀರ್ಪಿನ ಮುಂದಿನ ಗತಿ

ಗಜೇಂದ್ರಗಡಕರ ಅವರ ಜೀವಿತಾವಧಿಯಲ್ಲಿಯೇ 1963ರ ತೀರ್ಪು ಬಿದ್ದುಹೋಯಿತು. ಅದಕ್ಕೆ ಕಾರಣವಾದುದು ಕರ್ನಾಟಕದ ಒಂದು ಪ್ರಕರಣ. ಬೆಂಗಳೂರು ಜಲಮಂಡಳಿಯು ದುರ್ನಡತೆಯ ಆರೋಪದ ಮೇಲೆ ಕೆಲವು ನೌಕರರಿಂದ ದಂಡ ವಸೂಲು ಮಾಡಿದಾಗ ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಜಲಮಂಡಳಿ ಕೈಗಾರಿಕೆಯೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವನ್ನು ತಲುಪಿತು. 1978ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ಪ್ರಧಾನ ತೀರ್ಪು ಶಿಕ್ಷಣ ಸಂಸ್ಥೆಗಳನ್ನೂ ಕೈಗಾರಿಕೆಯ ವ್ಯಾಪ್ತಿಗೆ ತಂದಿತು. ಅಧ್ಯಾಪಕರು ಕಾರ್ಮಿಕರಲ್ಲವೆಂದು ಇಟ್ಟುಕೊಂಡರೂ, ಅದರಿಂದ ಚಾಲಕ, ಗುಮಾಸ್ತ ಮುಂತಾದವರ ಹಕ್ಕು ಇಲ್ಲವಾಗದು ಎಂದು ಅದು ಹೇಳಿತು.

ಅಧ್ಯಾಪಕರ ಸ್ಥಿತಿ ಮಾತ್ರ ಬದಲಾಗಲಿಲ್ಲ. ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ 1988ರಲ್ಲಿ ಕನ್ನಡಿಗರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ ಅವರು, ಶಾಲೆ ಕೈಗಾರಿಕೆಯಾದರೂ ಶಿಕ್ಷಕರು ಕಾರ್ಮಿಕರಲ್ಲವೆಂದು ತೀರ್ಮಾನಿಸಿದರು. ಶಿಕ್ಷಕರ ವಿವಾದಗಳಿಗೆ ಪ್ರತ್ಯೇಕ ವ್ಯವಸ್ಥೆ ಬೇಕೆಂಬುದನ್ನೂ ಗಮನಕ್ಕೆ ತಂದರು. ಕರ್ನಾಟಕದಲ್ಲಿ ಇಂಥ ವ್ಯವಸ್ಥೆಯನ್ನು 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ (ಶಿಸ್ತು ಮತ್ತು ನಿಯಂತ್ರಣ) ಅಧಿನಿಯಮ ಮೊದಲೇ ಕಲ್ಪಿಸಿತ್ತು. ಕೆಲಸದಿಂದ ತೆಗೆಯಲ್ಪಟ್ಟ ನೌಕರನು, ಸಂಸ್ಥೆ ಬೆಂಗಳೂರಿನಲ್ಲಿರಲಿ, ಬೆಳಗಾವಿ ಜಿಲ್ಲೆಯ ಕಟಕೋಳದಂಥ ಊರಿನಲ್ಲಿರಲಿ, ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯ ಮೊರೆಹೋಗಲು ಅದು ಅವಕಾಶ ನೀಡಿತು. ಆದರೆ ಇದು ಅನ್ಯಾಯಕ್ಕೊಳಗಾದ ಒಬ್ಬ ವ್ಯಕ್ತಿಗೆ ದೊರೆಯುವ ಪರಿಹಾರ. ಅಧ್ಯಾಪಕ ಸಂಘವೊಂದು ವೇತನದ ಬಗ್ಗೆ ಆಡಳಿತದೊಡನೆ ನಡೆಸುವ ಮಾತುಕತೆಗೆ ಕಾರ್ಮಿಕ ಕಾನೂನು ಕೊಡುವ ಬೆಂಬಲವನ್ನು ಅದು ಕೊಡುವುದಿಲ್ಲ.