ಪಾಸಿಟ್ರಾನಿನ ಲೆಕ್ಕ ಬಿಡಿಸಿದ ಹೋಮಿ ಭಾಭಾ

ಹೋಮಿ ಜಹಾಂಗೀರ್ ಭಾಭಾ ಅವರು 1909ನೇ ಇಸವಿ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನದಲ್ಲಿ ಜನಿಸಿದರು. ಅಣುಶಕ್ತಿ ಅಂದರೆ ಭಾಭಾ ಅಂತ ಎಲ್ಲರಿಗೂ ಗೊತ್ತು. ಆದರೆ ಅವರಿಗೂ ನಮ್ಮ ಮೈಸೂರು ಸೀಮೆಗೂ ನಂಟಿದೆ. ಅವರ ತಾತ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಗೆ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದರು. ಅಂದರೆ ಶಾಲೆ ತನಿಖೆಗೆ ಬರೋ ಇನ್ಸ್‌ಪೆಕ್ಟರುಗಳಿಗೆಲ್ಲ ಮೇಲಿನವರು! ಮೊಮ್ಮಗನಿಗೆ ತಾತನ ಹೆಸರನ್ನೇ ಇಟ್ಟರು.

ಮಗ ಇಂಜಿನಿಯರ್ ಆಗಿ ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂದು ತಂದೆಗೆ ಆಸೆ. ಅದಕ್ಕೇ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಕಳಿಸಿದರು. ಅಲ್ಲಿ ಭಾಭಾಗೆ ಭೌತಶಾಸ್ತ್ರದ ಹುಚ್ಚು ಹಿಡಿಯಿತು. ತಮಗೆ ಇಂಜಿನಿಯರಿಂಗ್ ಬೇಡವೆಂದು ತಂದೆಗೆ ಕಾಗದ ಬರೆದರು. ತಂದೆ ಒಂದು ಷರತ್ತು ಹಾಕಿದರು. ಮೊದಲು ಇಂಜಿನಿಯರಿಂಗಿನಲ್ಲಿ ಫಸ್ಟ್ ಕ್ಲಾಸ್ ಬರಬೇಕು, ಆಮೇಲೆ ಇಷ್ಟ ಬಂದದ್ದನ್ನು ಓದಿಸುತ್ತೇವೆ ಎಂದು. ಮನಸ್ಸಿಲ್ಲದ ಪಾಠ ಓದಿ ಫಸ್ಟ್ ಕ್ಲಾಸ್ ತಗೊಳ್ಳೋದು ಎಷ್ಟು ಕಷ್ಟ ಅಂತ ನಮಗೆ ಗೊತ್ತೇ ಇದೆ. 1930ರಲ್ಲಿ ಅವರು ತಗೊಂಡೇ ಬಿಟ್ಟರು.

1932ರಲ್ಲಿ ಅಮೆರಿಕದ ಆಂಡರ್ಸನ್ ಎಂಬುವರು ಪಾಸಿಟ್ರಾನನ್ನು ಕಂಡುಹಿಡಿದರು. ಇದು ಎಲೆಕ್ಟ್ರಾನಿನ ಹಾಗೆಯೇ, ತೂಕವೂ ಅಷ್ಟೇ. ಆದರೆ ಇದರದು ಧನ ವಿದ್ಯುತ್. ಇವೆರಡೂ ಒಂದಕ್ಕೊಂದು ಸಿಕ್ಕರೆ ಎರಡೂ ಮಾಯ! ಬದಲಿಗೆ ಸಾಮಾನ್ಯವಾಗಿ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಓಡುತ್ತವೆ. ಒಂದೊಂದರ ಶಕ್ತಿ 511 ಸಾವಿರ ಎಲೆಕ್ಟ್ರಾನ್ ವೋಲ್ಟ್. ಮೈಸೂರಿನ ದೇವರಾಜ ಮೊಹಲ್ಲಾದ ಮಾರ್ಕೆಟ್ಟಿನ ಬಾಳೆಗೊನೆಯಲ್ಲೂ ಇದು ನಡೆಯುತ್ತದೆ. ಬಾಳೆಹಣ್ಣಿನಲ್ಲಿರೋ ಒಂದು ಬಗೆಯ ಪೊಟ್ಯಾಸಿಯಂ ಬಲು ಅಪರೂಪಕ್ಕೆ ಪಾಸಿಟ್ರಾನ್ ಬಿಡುತ್ತದೆ. ಹೆದರಬೇಡಿ, ತಿನ್ನಬಹುದು.

ವೇಗವಾಗಿ ಬರುವ ಪಾಸಿಟ್ರಾನ್, ಪರಮಾಣುವಿನ ತೀರಾ ಒಳಸುತ್ತಿನ ಎಲೆಕ್ಟ್ರಾನಿಗೆ ಸಿಕ್ಕಿ ಮಾಯವಾಗುವ ಲೆಕ್ಕವನ್ನು 1934ರಲ್ಲಿ ಭಾಭಾ, ಹ್ಯೂಮ್ ಎಂಬುವರ ಜೊತೆ ಸೇರಿ ಬಿಡಿಸಿದರು. ಪಾಸಿಟ್ರಾನ್ ಮಾಯವಾಗದೆ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಚದುರುವ ಲೆಕ್ಕಕ್ಕೂ ಅವರದೇ ಹೆಸರಿದೆ.

1939ರಲ್ಲಿ ರಜೆಗೆಂದು ಊರಿಗೆ ಬಂದರು. ಎರಡನೇ ಮಹಾಯುದ್ಧ ಶುರುವಾಗಿ ವಾಪಸ್ಸು ಹೋಗಲಾಗಲಿಲ್ಲ. ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟಿನಲ್ಲಿ ಸರ್ ಸಿ.ವಿ. ರಾಮನ್ ಅವರ ವಿಭಾಗ ಸೇರಿ ವಿಶ್ವಕಿರಣಗಳನ್ನು ಅಳೆದರು. ಯುದ್ಧ ಮುಗಿದರೂ ಕೇಂಬ್ರಿಡ್ಜಿಗೆ ಹಿಂತಿರುಗದೆ ಇಲ್ಲೇ ಉಳಿದರು. 1945ರಲ್ಲಿ ಅವರ ಸಂಶೋಧನಾ ಸಂಸ್ಥೆ ಮೊದಲು ಶುರುವಾದದ್ದೂ ಬೆಂಗಳೂರಿನಲ್ಲೇ, ಆಮೇಲೆ ಮುಂಬಯಿಗೆ ಹೋಯಿತು. ಅವರು ಚಿತ್ರವನ್ನೂ ಚೆನ್ನಾಗಿ ಬರೆಯುತ್ತಿದ್ದರು. ಮದುವೆ ಆಗಲಿಲ್ಲ. 1966ರ ಜನವರಿ 24ರಂದು ಯೂರೋಪಿನ ಮಾಂಟ್ ಬ್ಲಾಂಕ್ ಬೆಟ್ಟಕ್ಕೆ ವಿಮಾನ ಬಡಿದು ತೀರಿಹೋದರು. ಆಗ 56 ವರ್ಷ.

ಅವರು ಲೆಕ್ಕ ಹಾಕಿದ ಪಾಸಿಟ್ರಾನನ್ನು ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲೂ ಅಳೆದಿದ್ದಾರೆ. ಸೋಡಿಯಂ-22ರಿಂದ ಪಾಸಿಟ್ರಾನ್ ಹುಟ್ಟಿದಾಗ ಒಂದು ಗಾಮಾ ಕಿರಣ ಬರುತ್ತೆ, ಅದು ಮಾಯವಾದಾಗ 511ರದು ಬರುತ್ತೆ. ನಡುವಿನ ಹೊತ್ತೇ ಅದರ ಆಯಸ್ಸು. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು, ಕೆಲವು ಸಲ ಅಷ್ಟೂ ಇಲ್ಲ. ಪ್ಲಾಸ್ಟಿಕ್ಕಿನೊಳಗೆ ಸಣ್ಣ ಖಾಲಿ ಜಾಗ ಸಿಕ್ಕಿದರೆ ಸ್ವಲ್ಪ ಹೆಚ್ಚು ಹೊತ್ತು ಬದುಕುತ್ತೆ. ಆ ಹೊತ್ತು ಅಳೆದೇ ಖಾಲಿ ಜಾಗ ಎಷ್ಟು ದೊಡ್ಡದು ಅಂತ ಹೇಳುತ್ತಾರೆ.