ಸೋತ ವಿದ್ಯಾರ್ಥಿ ಕಟ್ಟಿದ ವಿದ್ಯಾಮಂದಿರ



ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನ ಮುಗಿಸಿ ನಾವು ಮರದ ನೆರಳಿನಲ್ಲಿ ಕುಳಿತಿದ್ದಾಗ ಸಿರುಗುಪ್ಪದ ಕಡೆಯ ಒಬ್ಬ ರೈತರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಹುಡುಗ ಹತ್ತು ವರ್ಷದವನಿರಬೇಕು. ಖಾಸಗಿ ಶಾಲೆಗೆ ಸಾಲ ಮಾಡಿ ಹಣ ಕಟ್ಟಿದರೂ ಅಂಕಗಳು ಬರಲಿಲ್ಲ, ಇನ್ನು ಇವನನ್ನು ಶಾಲೆ ಬಿಡಿಸಿ ಮೆಣಸಿನಕಾಯಿ ಹೊಲಕ್ಕೆ ಹಚ್ಚುತ್ತೇನೆ, ಅಪ್ಪಣೆಯಾಗಬೇಕು ಎಂದು ಬೇಡಿಕೊಂಡರು. ಹುಡುಗ ತಲೆ ಎತ್ತಲಿಲ್ಲ. ಹೊಲದ ಕೆಲಸ ಕೀಳೆಂದು ನಾವು ಹೇಳುವವರಲ್ಲ. ಕಾಯಕಕ್ಕೆ ಮೇಲು ಕೀಳು ಇಲ್ಲ. ಆದರೆ ಹೊಲವನ್ನು ಮಗುವಿಗೆ ಶಿಕ್ಷೆಯಾಗಿ ಕೊಡುವುದು ಹೊಲಕ್ಕೂ ಅವಮಾನ, ಮಗುವಿಗೂ ಅನ್ಯಾಯ. ಅಪ್ಪಣೆ ಕೊಡದೆ ನಾವು ಆ ತಂದೆಗೆ ಒಬ್ಬ ಮಹಾತ್ಮರ ಕಥೆ ಹೇಳಿದೆವು. ಅದನ್ನೇ ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ.

ಈಗಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನಲ್ಲಿ ಜೋಯಿಸರ ಹರಳಹಳ್ಳಿ ಎಂಬ ಗ್ರಾಮವಿದೆ. ಅಲ್ಲಿಯ ಸಾಲಿಮಠದ ಬಸವಯ್ಯ, ನೀಲಮ್ಮ ದಂಪತಿಗಳ ಉದರದಲ್ಲಿ 1867ರಲ್ಲಿ ಒಂದು ಗಂಡು ಮಗು ಜನಿಸಿತು. ಹಾಲಯ್ಯನೆಂದು ಹೆಸರಿಟ್ಟರು. ಸಾಲಿ ಎಂದರೆ ಶಾಲೆ. ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಜಂಗಮರ ಮನೆತನಕ್ಕೆ ಆ ಹೆಸರು ಸಲ್ಲುವುದು ನಮ್ಮ ನಾಡಿನ ರೂಢಿ. ಹೆಸರಿನಲ್ಲಿ ಶಾಲೆಯಿದ್ದರೂ ಮನೆಯಲ್ಲಿ ಬಡತನವಿತ್ತು. ಕಜ್ಜರಿ ಗ್ರಾಮದಲ್ಲಿ ಕಷ್ಟಪಟ್ಟು ಓದಿದ ಹಾಲಯ್ಯನು ಆ ಕಾಲದ ಮುಲ್ಕಿ ಪರೀಕ್ಷೆಗೆ ಕುಳಿತನು. ಅದರಲ್ಲಿ ತೇರ್ಗಡೆಯಾಗಲಿಲ್ಲವೆಂದು ಅವರ ಚರಿತ್ರೆ ಬರೆದವರು ಮುಚ್ಚಿಡದೆ ಬರೆದಿದ್ದಾರೆ.

ಆ ಕಾಲಕ್ಕೆ ಮುಲ್ಕಿ ಎಂದರೆ ಸಾಮಾನ್ಯವಲ್ಲ. ಪಾಸಾದವನಿಗೆ ಸರಕಾರಿ ಚಾಕರಿಯ ಬಾಗಿಲು ತೆರೆಯುತ್ತಿತ್ತು. ಆ ಬಾಗಿಲು ಹಾಲಯ್ಯನಿಗೆ ಮುಚ್ಚಿತು. ಆದರೂ ಅವನು ಕಲಿಕೆಯ ಮೇಲೆ ಮುನಿಸಿಕೊಳ್ಳಲಿಲ್ಲ. ಲಿಂಗದಹಳ್ಳಿಗೆ ಹೋಗಿ ಅಲ್ಲಿಯ ಮಕ್ಕಳಿಗೆ ಪಾಠ ಹೇಳತೊಡಗಿದನು. ಪರೀಕ್ಷೆಯಲ್ಲಿ ಸೋತವನೇ ಗುರುವಾದನು! ಮುಂದೆ ವೈರಾಗ್ಯ ಬಲಿತು ಮನೆ ತೊರೆದು, ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರ ಸನ್ನಿಧಿಯಲ್ಲಿ ಕೆಲಕಾಲವಿದ್ದು, ಕೊನೆಗೆ ಎಳಂದೂರು ಬಸವಲಿಂಗ ಸ್ವಾಮಿಗಳಲ್ಲಿ ತನ್ನ ಗುರುವನ್ನು ಕಂಡುಕೊಂಡನು. ಆ ಅಲೆದಾಟದ ದಿನಗಳಲ್ಲಿ ನಮ್ಮ ಕುರುಗೋಡಿಗೆ ಸಮೀಪದ ಎಮ್ಮಿಗನೂರಿನ ಜಡೆಸಿದ್ಧರ ದರ್ಶನವನ್ನೂ ಪಡೆದನೆಂಬುದು ಹಿರಿಯರು ಹೇಳಿಕೊಂಡು ಬಂದ ಮಾತು. ಕಾಲಾಂತರದಲ್ಲಿ ಹಾನಗಲ್ಲ ವಿರಕ್ತಮಠದ ಅಧಿಕಾರ ಅವರಿಗೆ ಬಂದಿತು. ಹಾಲಯ್ಯನು ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳಾದರು.

ಪೀಠಕ್ಕೆ ಬಂದವರು ಪೀಠದ ಮೇಲೆ ಕುಳಿತುಕೊಳ್ಳಲಿಲ್ಲ. ಸಮಾಜದಲ್ಲಿ ವಿದ್ಯೆಯಿಲ್ಲ, ಒಕ್ಕಟ್ಟಿಲ್ಲ ಎಂಬ ಕೊರಗು ಅವರನ್ನು ಊರೂರು ತಿರುಗಿಸಿತು. ಅವರ ಸಂಕಲ್ಪದಿಂದ 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆ ಕೂಡಿತು. ಶಿರಸಂಗಿಯ ಲಿಂಗರಾಜ ದೇಸಾಯರು ಅದರ ಅಧ್ಯಕ್ಷರಾದರು. ತಮ್ಮ ಇಡೀ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದುಕೊಟ್ಟ ಮಹಾದಾನಿಗಳು ಅವರೇ.

1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರ ಎದ್ದು ನಿಂತಿತು. ಮಠಗಳ ಮುಂದಿನ ಅಧಿಕಾರಿಗಳಾಗುವ ವಟುಗಳನ್ನು ತಿದ್ದುವುದು ಅದರ ಉದ್ದೇಶ. ಅಲ್ಲಿ ಶ್ರೀಗಳವರು ಹಾಕಿಕೊಟ್ಟ ಕಲಿಕೆಯ ಕ್ರಮವನ್ನು ನೋಡಿರಿ. ಬೆಳಗಿನ ಜಾವ ಎದ್ದು ಸ್ನಾನ, ಇಷ್ಟಲಿಂಗ ಪೂಜೆ. ಅದು ಮನಸ್ಸಿನ ಶಿಕ್ಷಣ. ಯೋಗಾಸನ, ಪ್ರಾಣಾಯಾಮ, ಅದು ಶರೀರದ ಮತ್ತು ಉಸಿರಿನ ಶಿಕ್ಷಣ. ಸಂಸ್ಕೃತ, ಕನ್ನಡ, ವಚನಶಾಸ್ತ್ರ. ಅದು ಬುದ್ಧಿಯ ಶಿಕ್ಷಣ. ಸಂಗೀತ ಕಂಠಕ್ಕೆ, ಆಯುರ್ವೇದ ಲೋಕೋಪಕಾರಕ್ಕೆ. ಗೋಶಾಲೆಯೂ ಇತ್ತು. ಸಗಣಿಯಿಂದ ಶುದ್ಧ ವಿಭೂತಿ ತಯಾರಾಗುತ್ತಿತ್ತು. ಹಣೆಗೆ ಹಚ್ಚುವ ಭಸ್ಮ ಯಾವ ಸಗಣಿಯಿಂದ, ಯಾವ ಕೈಗಳಿಂದ ಬಂತೆಂದು ಕಣ್ಣಾರೆ ಕಂಡ ಬಾಲಕ ಕಾಯಕವನ್ನು ಹೇಗೆ ಕೀಳೆಂದಾನು? ಊರೂರಿನ ಅಟ್ಟಗಳಲ್ಲಿ ಹುಳ ತಿನ್ನುತ್ತಿದ್ದ ತಾಡವೋಲೆಗಳೂ ಶ್ರೀಗಳವರ ಶ್ರಮದಿಂದ ಅಲ್ಲಿಯ ಗ್ರಂಥಭಂಡಾರ ಸೇರಿದವು.

ಇಂದು ಬಳ್ಳಾರಿ ನಗರದಲ್ಲಿ ಹಲವು ಪ್ರಾಥಮಿಕ ಶಾಲೆಗಳು ಸರ್ವಾಂಗೀಣ ಶಿಕ್ಷಣವೆಂದು ಫಲಕ ಬರೆಸಿವೆ. ಸಂತೋಷ. ಆದರೆ ಫಲಕ ಓದಿ ಮಗುವನ್ನು ಸೇರಿಸಬೇಡಿರಿ. ಅಲ್ಲಿ ಮಗುವಿನ ಕೈಗೆ ಏನು ಕೆಲಸ, ಕಂಠಕ್ಕೆ ಏನು ಹಾಡು, ಶರೀರಕ್ಕೆ ಯಾವ ಆಟ ಎಂದು ಕೇಳಿರಿ. ಎಲ್ಲಕ್ಕಿಂತ ಮೊದಲು, ಹಿಂದೆ ಬಿದ್ದ ಮಗುವನ್ನು ಅಲ್ಲಿ ಏನು ಮಾಡುತ್ತಾರೆಂದು ಕೇಳಿರಿ.

ಆ ಪ್ರಶ್ನೆಗೆ ಕುಮಾರ ಶ್ರೀಗಳವರು ಕೊಟ್ಟ ಉತ್ತರ ಇಡೀ ನಾಡಿಗೆ ಗೊತ್ತು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಒಂದು ಬಡ ಮನೆಯಲ್ಲಿ ಇಬ್ಬರು ಅಂಧ ಬಾಲಕರಿದ್ದರು. ಅಣ್ಣ ಗುರುಬಸವಯ್ಯ, ತಮ್ಮ ಗದಿಗೆಯ್ಯ. ಕಣ್ಣಿಲ್ಲದ ಮಗು ಮನೆಗೆ ಭಾರ, ಭಿಕ್ಷೆಗೆ ಮಾತ್ರ ಯೋಗ್ಯ ಎಂದು ಲೋಕ ಎಣಿಸುತ್ತಿದ್ದ ಕಾಲ ಅದು. ಶ್ರೀಗಳವರು ಆ ಮಕ್ಕಳ ಕಣ್ಣನ್ನು ನೋಡಲಿಲ್ಲ, ಕಂಠವನ್ನು ಕೇಳಿದರು. ಕರೆತಂದು ಸಂಗೀತ ಕಲಿಸಿದರು. ಅಣ್ಣ ಬೇಗನೆ ಲಿಂಗೈಕ್ಯನಾದನು. ತಮ್ಮನ ಕೈಯನ್ನು ಶ್ರೀಗಳವರು ಬಿಡಲಿಲ್ಲ. ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಹೇಳಿಸಿದರು. ನೀಲಕಂಠ ಬುವಾ ಅವರಿಂದ ಹಿಂದುಸ್ತಾನಿ ಹೇಳಿಸಿದರು. ಆ ಗದಿಗೆಯ್ಯನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಪಂಚಾಕ್ಷರಿಗಳು ತಾವು ಪಡೆದುದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು, ಉಪವಾಸವಿದ್ದೂ ಕಲಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಆ ತಪಸ್ಸಿನ ಫಲ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯ, ಅವರಂತೆಯೇ ಅಂಧರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಆಶ್ರಮವನ್ನು ನಡೆಸಿದರು. ಒಂದು ಮಗುವನ್ನು ಕೈಬಿಡದಿದ್ದುದಕ್ಕೆ ಎಷ್ಟು ಮನೆಗಳ ದೀಪ ಹತ್ತಿತು, ಲೆಕ್ಕ ಹಾಕಿರಿ.

ಶ್ರೀಗಳವರು 1930ರ ಫೆಬ್ರುವರಿಯಲ್ಲಿ ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ಅವರು ಎಬ್ಬಿಸಿದ ವಿದ್ಯೆಯ ಹಸಿವು ಒಂದು ಪ್ರಾಂತಕ್ಕೆ ಸೀಮಿತವಾಗಿರಲಿಲ್ಲ. ಹಾನಗಲ್ಲು ಆಗ ಮುಂಬಯಿ ಪ್ರಾಂತದಲ್ಲಿದ್ದರೆ ನಮ್ಮ ಬಳ್ಳಾರಿ ಮದ್ರಾಸು ಪ್ರಾಂತದಲ್ಲಿತ್ತು. ಆದರೂ 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1945ರಲ್ಲಿ ಅದರ ಕಾಲೇಜು ತೆರೆಯಿತು. ನಮ್ಮ ಹಿರಿಯರು ಹಿಡಿ ಹಿಡಿ ಕೂಡಿಸಿ ಇಂಥ ಸಂಸ್ಥೆಗಳನ್ನು ಬೆಳೆಸಿದರು.

ಒಂದು ಮಾತನ್ನು ಮುಚ್ಚಿಡಬಾರದು. ಶಿವಯೋಗಮಂದಿರ ಅಂದು ಗಂಡು ಮಕ್ಕಳಿಗೆ, ಮಠದ ವಟುಗಳಿಗೆ ಆದ ಶಾಲೆ. ಆ ಸಮಗ್ರ ಶಿಕ್ಷಣವನ್ನು ಹೆಣ್ಣು ಮಕ್ಕಳಿಗೂ, ಸಕಲ ಜಾತಿಯ ಬಡ ಮಕ್ಕಳಿಗೂ ಮುಟ್ಟಿಸುವ ಹೊಣೆ ನಮ್ಮ ಮೇಲಿದೆ. ಮಠಗಳ ಮೇಲಂತೂ ಇದ್ದೇ ಇದೆ. ಶಾಲೆ ನಡೆಸುವ ನಾವೇ ಅಂಕಪಟ್ಟಿ ನೋಡಿ ಮಕ್ಕಳನ್ನು ಆರಿಸತೊಡಗಿದರೆ ಕುಮಾರೇಶ್ವರರ ಹೆಸರು ಹೇಳುವ ಅಧಿಕಾರ ನಮಗೆಲ್ಲಿ ಉಳಿಯಿತು?

ಪರೀಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ತಕ್ಕಡಿ ಇರಲಿ. ಆದರೆ ಕಾಳು ತೂಗುವ ತಕ್ಕಡಿಯಲ್ಲಿ ಕಂಠವನ್ನು ತೂಗಲಾಗದು, ಕರುಣೆಯನ್ನು ತೂಗಲಾಗದು. ಹಾಲಯ್ಯನನ್ನು ಮುಲ್ಕಿಯ ತಕ್ಕಡಿ ಹಗುರವೆಂದಿತು. ನಾಡು ಅದೇ ತೀರ್ಪನ್ನು ನಂಬಿದ್ದರೆ ಶಿವಯೋಗಮಂದಿರವಿಲ್ಲ, ಪಂಚಾಕ್ಷರಿಗಳಿಲ್ಲ, ಪುಟ್ಟರಾಜರಿಲ್ಲ.

ಕಥೆ ಮುಗಿದಾಗ ಆ ರೈತರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಕಡೆ ತಿರುಗಿ, ನಿನಗೆ ಏನು ಬರುತ್ತದಪ್ಪಾ ಎಂದು ಕೇಳಿದರು. ಎತ್ತಿನ ಕಾಲು ಕುಂಟಿದರೆ ಯಾವ ಗೊರಸಿನಲ್ಲಿ ಮುಳ್ಳಿದೆಯೆಂದು ನನಗೆ ತಿಳಿಯುತ್ತದೆ ಎಂದ ಹುಡುಗ, ಆಗ ಮೊದಲ ಸಲ ತಲೆ ಎತ್ತಿ ನಮ್ಮನ್ನು ನೋಡಿದ. ಜೂನಿನಲ್ಲಿ ಮತ್ತೆ ಶಾಲೆಗೆ ಕಳಿಸುವುದಾಗಿ ತಂದೆ ಮಾತು ಕೊಟ್ಟು ಹೋದರು. ಕಳಿಸಿದ್ದಾರೆ.

ತಾಯಿ ತಂದೆಗಳೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಎಷ್ಟು ಅಂಕ ಬಂತೆಂದು ಕೇಳುವ ಮುನ್ನ ನಿಮ್ಮ ಮಗುವನ್ನೂ ಅದೇ ಪ್ರಶ್ನೆ ಕೇಳಿರಿ. ಸರ್ವರಿಗೂ ಸನ್ಮಂಗಳವಾಗಲಿ.