ಕಲ್ಲಿಗೆ ಊರು ಬರೆದಿಟ್ಟ ರಾಬರ್ಟ್ ಬ್ರೂಸ್ ಫೂಟ್

ಕಲ್ಲೆಂದರೆ ನಮಗೆ ಜಡತ್ವದ ಇನ್ನೊಂದು ಹೆಸರು. ಕರುಣೆಯಿಲ್ಲದವನನ್ನು ಕಲ್ಲೆದೆಯವನೆನ್ನುತ್ತೇವೆ, ಮಾತನಾಡದವನನ್ನು ಕಲ್ಲಿನಂತೆ ಕುಳಿತನೆನ್ನುತ್ತೇವೆ. ಆದರೆ ಅಂಥ ಕಲ್ಲಿನ ಸಹವಾಸದಲ್ಲಿಯೇ ಅರ್ಧ ಶತಮಾನವನ್ನು ಕಳೆದು, ಈ ನಾಡಿನ ಮರೆತುಹೋದ ಪ್ರಾಚೀನತೆಯನ್ನು ಬೆಳಕಿಗೆ ತಂದ ಮಹನೀಯರೊಬ್ಬರಿದ್ದರು. ಅವರೇ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು.

ನನ್ನೂರು ಮುಶಿಗೇರಿ. ಬಾಲ್ಯದಲ್ಲಿ ಗಜೇಂದ್ರಗಡದ ಗುಡ್ಡಗಳಿಗೆ ಹೋದಾಗಲೆಲ್ಲ ಕೆಂಪು, ಬಿಳಿ, ಕಂದು ಬಣ್ಣದ ಕಲ್ಲುಗಳನ್ನು ಆರಿಸಿ ತಂದು ತಗಡಿನ ಡಬ್ಬಿಯೊಂದರಲ್ಲಿ ತುಂಬುತ್ತಿದ್ದೆ. ಒಮ್ಮೆ ಅದನ್ನು ಹೆಮ್ಮೆಯಿಂದ ನಮ್ಮ ಶಾಲೆಯ ಮಾಸ್ತರರೊಬ್ಬರಿಗೆ ತೋರಿಸಿದೆ. ಅವರು ಕಲ್ಲುಗಳ ಚೆಲುವನ್ನು ಹೊಗಳಲಿಲ್ಲ. ಯಾವ ಕಲ್ಲು ಎಲ್ಲಿ ಸಿಕ್ಕಿತೆಂದಷ್ಟೇ ಕೇಳಿದರು. ಒಂದಕ್ಕೂ ಉತ್ತರ ಹೇಳಲು ನನಗಾಗಲಿಲ್ಲ. ಆ ಪ್ರಶ್ನೆಯ ಬೆಲೆ ತಿಳಿದದ್ದು ಫೂಟ್ ಸಾಹೇಬರ ಜೀವನವನ್ನು ಓದಿದ ಮೇಲೆಯೇ.

ಫೂಟರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. ಊರಿಂದೂರಿಗೆ ಡೇರೆ ಹೂಡುತ್ತ ಸಾಗಿ, ಯಾವ ನೆಲದಡಿಯಲ್ಲಿ ಯಾವ ಶಿಲೆಯಿದೆಯೆಂದು ನಕಾಶೆಯಲ್ಲಿ ಗುರುತಿಸುವುದು ಅವರ ಉದ್ಯೋಗ.

ಅವರ ಕೀರ್ತಿಗೆ ಕಾರಣವಾದ ದಿನ 1863ರ ಮೇ 30. ಮದರಾಸಿನ ಬಳಿಯ ಪಲ್ಲಾವರದಲ್ಲಿ ಜಂಬಿಟ್ಟಿಗೆಯ ಗರಸು ತೆಗೆದ ಗುಂಡಿಯೊಂದರಲ್ಲಿ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಅದು ಬೆಣಚುಶಿಲೆ, ಅಂದರೆ ಕ್ವಾರ್ಟ್‌ಜೈಟ್. ಪಲ್ಲಾವರದ ಬಂಡೆಯಾದರೋ ಬೇರೆ ಜಾತಿಯದು. ಮೇಲಾಗಿ ಕಲ್ಲಿನ ಎರಡೂ ಮೈಗಳಲ್ಲಿ ಚಕ್ಕೆಯೆಬ್ಬಿಸಿದ ಗುರುತುಗಳಿದ್ದವು. ನಿಸರ್ಗವು ಒಡೆದ ಕಲ್ಲು ಹಾಗಿರುವುದಿಲ್ಲ. ಅದು ಆದಿಮಾನವನ ಕೈಕೊಡಲಿ! ಪ್ರಾಚೀನ ಶಿಲಾಯುಗದ ಮಾನವನಿದ್ದನೆಂಬುದನ್ನು ಯುರೋಪಿನ ವಿದ್ವಾಂಸರೇ ಒಮ್ಮತದಿಂದ ಒಪ್ಪತೊಡಗಿದ್ದು 1859ರ ಸುಮಾರಿಗೆ. ನಾಲ್ಕೇ ವರ್ಷಗಳಲ್ಲಿ ಭಾರತವೂ ಆ ಪ್ರಾಚೀನತೆಗೆ ಹಕ್ಕುದಾರನಾಯಿತು. ಆಗ ಫೂಟರಿಗಿನ್ನೂ ಇಪ್ಪತ್ತೆಂಟು ವರ್ಷ.

ಪಲ್ಲಾವರದ ಆ ಬಂಡೆಗೂ ಒಂದು ಸ್ವಾರಸ್ಯಕರ ಕಥೆಯಿದೆ. ಕಲಕತ್ತೆಯಲ್ಲಿ ಜಾಬ್ ಚಾರ್ನಾಕನ ಗೋರಿಗೆ ಹೊದಿಸಿದ ಚಪ್ಪಡಿ ಅದೇ ಶಿಲೆಯದೆಂದು ಟಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ 1893ರಲ್ಲಿ ಗುರುತಿಸಿದರು. ಆ ಶಿಲಾಜಾತಿಗೆ ಚಾರ್ನಕೈಟ್ ಎಂಬ ಹೆಸರು ನಿಂತಿತು. ಹೊಳಪು ಕೊಟ್ಟ ಚಪ್ಪಡಿಯೊಂದು ಸಮುದ್ರಮಾರ್ಗವಾಗಿ ಎಷ್ಟು ದೂರ ಹೋದರೂ ತಿಳಿದವರು ಅದರ ತವರನ್ನು ಹೇಳಬಲ್ಲರು.

ಕಲ್ಲನ್ನು ಗುರುತಿಸುವುದು ಬಣ್ಣ ನೋಡಿ ಆಗುವ ಕೆಲಸವಲ್ಲ. ಸುಣ್ಣಕಲ್ಲು ಎಷ್ಟೇ ಚೆಂದವಿದ್ದರೂ ಚಾಕುವಿನಿಂದ ಗೀರಿದರೆ ಗೆರೆ ಬೀಳುತ್ತದೆ. ತೆಳು ಆಮ್ಲದ ಹನಿ ಬಿದ್ದರೆ ನೊರೆಯುಕ್ಕುತ್ತದೆ. ಮರಳುಗಲ್ಲು ಒಡೆದರೆ ಕಣಗಳ ಸುತ್ತ ಬಿರುಕುಬಿಡುತ್ತದೆ; ಬೆಣಚುಶಿಲೆಯು ಕಣಗಳನ್ನೇ ಸೀಳಿ ಒಡೆಯುತ್ತದೆ. ಅಗೇಟ್, ಜಾಸ್ಪರ್‌ಗಳು ಗಾಜನ್ನೇ ಗೀರುವಷ್ಟು ಗಟ್ಟಿ. ಆದ್ದರಿಂದಲೇ ಸಾಣೆ ಹಿಡಿದಾಗ ಅವು ಅಳಿಯದ ಮೆರುಗನ್ನು ಪಡೆಯುತ್ತವೆ. ಸೊಂಡೂರಿನ ಬೆಟ್ಟಗಳ ಪಟ್ಟೆಪಟ್ಟೆಯ ಕೆಂಪು ಜಾಸ್ಪರ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಕೆಂಪಿಗೆ ಕಬ್ಬಿಣದ ಅಂಶವೇ ಕಾರಣ.

ಫೂಟರ ಹೆಜ್ಜೆಗಳು ನಮ್ಮ ಭಾಗದಲ್ಲಿಯೂ ಮೂಡಿವೆ. ಗದಗಿನ ದಕ್ಷಿಣಕ್ಕಿರುವ ಡಂಬಳ ಸೀಮೆಯ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಅವರು 1874ರಲ್ಲಿ ಬರೆದರು. ಹಳ್ಳದ ಮರಳನ್ನು ಜಾಲಾಡಿಸಿ ಚಿನ್ನದ ಕಣ ಹೆಕ್ಕುತ್ತಿದ್ದ ಜಾಲಗಾರರ ಕಸುಬು ಆಗ ಆ ಸೀಮೆಯಲ್ಲಿತ್ತು. 1876ರಲ್ಲಿ ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯಲಾಗುತ್ತಿದ್ದ ನಮ್ಮ ಪ್ರದೇಶದ ಭೂರಚನೆಯನ್ನು ಕುರಿತ ಅವರ ದೊಡ್ಡ ಗ್ರಂಥ ಪ್ರಕಟವಾಯಿತು. ಬಾದಾಮಿ, ಗಜೇಂದ್ರಗಡಗಳ ಮರಳುಗಲ್ಲಿನ ಗುಡ್ಡಗಳನ್ನೊಳಗೊಂಡ ಕಲಾದಗಿ ಶಿಲಾಶ್ರೇಣಿಯ ವಿವರಣೆ ಅದರಲ್ಲಿದೆ. ಮಲಪ್ರಭೆಯ ಕಣಿವೆಯಲ್ಲಿ ಬೆಣಚುಶಿಲೆಯ ಆಯುಧಗಳೂ ಅವರಿಗೆ ದೊರೆತವು. ಮುಂದೆ 1880ರ ದಶಕದಲ್ಲಿ ಅವರು ಬೇರ್ಪಡಿಸಿ ತೋರಿಸಿದ ಪುರಾತನ ಶಿಲಾವರ್ಗಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಆ ಹೆಸರನ್ನು ಉಚ್ಚರಿಸುತ್ತಾರೆ.

ಬಳ್ಳಾರಿಯ ಹತ್ತಿರದ ಕುಪ್ಪಗಲ್ಲು ಗುಡ್ಡದಲ್ಲಿ ಅವರು ಅಧ್ಯಯನ ಮಾಡಿದ ಸ್ಥಳವಂತೂ ನವಶಿಲಾಯುಗದ ಕಾರ್ಖಾನೆಯೇ ಸರಿ. ಗುಡ್ಡವನ್ನು ಸೀಳಿಕೊಂಡು ಹೋಗಿರುವ ಕಪ್ಪುಕಲ್ಲಿನ ಪಟ್ಟಿಯಿಂದ ಜನರು ಕೊಡಲಿಗಳನ್ನು ಮಾಡುತ್ತಿದ್ದರು. ಮೊದಲು ಚಕ್ಕೆಯೆಬ್ಬಿಸುವುದು, ಆಮೇಲೆ ಕುಟ್ಟಿ ಸಮಮಾಡುವುದು, ಬಳಿಕ ಬಂಡೆಗೆ ಉಜ್ಜುವುದು, ಕೊನೆಗೆ ಮೆರುಗು ಕೊಡುವುದು. ಪೂರ್ತಿಯಾದ ಕೊಡಲಿಗಳ ಜೊತೆಗೆ ಅರ್ಧಕ್ಕೆ ಬಿಟ್ಟವು, ಒಡೆದುಹೋದವು, ಬರಿಯ ಚಕ್ಕೆಗಳು ಕೂಡ ಇದ್ದದ್ದರಿಂದಲೇ ಈ ಕ್ರಮವೆಲ್ಲ ಅವರಿಗೆ ತಿಳಿಯಿತು. ಚೆಲುವಾದುದನ್ನಷ್ಟೇ ಆರಿಸುವವನಿಗೆ ಈ ಸತ್ಯ ದಕ್ಕುತ್ತಿರಲಿಲ್ಲ.

1891ರಲ್ಲಿ ನಿವೃತ್ತರಾದ ಮೇಲೂ ಅವರು ಸುಮ್ಮನೆ ಕೂಡಲಿಲ್ಲ. ಬರೋಡಾ ಸಂಸ್ಥಾನದಲ್ಲಿ ಸೇವೆ ಸಲ್ಲಿಸಿ, 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಕೊನೆಗೆ ಯೇರ್ಕಾಡಿನ ಬೆಟ್ಟದ ಮನೆಯಲ್ಲಿ ನೆಲೆಸಿದರು. 400ಕ್ಕೂ ಹೆಚ್ಚು ಸ್ಥಳಗಳಿಂದ ಕೂಡಿಹಾಕಿದ ಅವರ ಸಂಗ್ರಹವನ್ನು 1904ರಲ್ಲಿ ಮದರಾಸು ಸರಕಾರವು ಅಲ್ಲಿಯ ವಸ್ತುಸಂಗ್ರಹಾಲಯಕ್ಕಾಗಿ ಕೊಂಡಿತು. ಮುಪ್ಪಿನಲ್ಲಿ ಅವರು ಕೈಕೊಂಡ ದೊಡ್ಡ ಕೆಲಸವೆಂದರೆ ಆ ಸಂಗ್ರಹದ ಯಾದಿ. ಪ್ರತಿಯೊಂದು ವಸ್ತುವಿಗೂ ಸಂಖ್ಯೆ. ಪ್ರತಿಯೊಂದು ಸಂಖ್ಯೆಯ ಮುಂದೆ ಅದು ದೊರೆತ ಊರು. ಅಚ್ಚಾದ ಯಾದಿಯನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1912ರ ಡಿಸೆಂಬರ್ 29ರಂದು ಅವರು ಕಲಕತ್ತೆಯಲ್ಲಿ ತೀರಿಕೊಂಡರು. ಅವರ ಅಸ್ಥಿಯನ್ನು ಯೇರ್ಕಾಡಿನ ಚರ್ಚಿನಂಗಳದಲ್ಲಿ ಇಡಲಾಯಿತು. ಯಾದಿಯು 1914 ಹಾಗೂ 1916ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು.

ನೂರು ವರ್ಷ ಕಳೆದರೂ ಸಂಶೋಧಕರು ಆ ಯಾದಿಯನ್ನು ಹಿಡಿದು ಅವರು ಕಂಡ ಊರುಗಳಿಗೆ ಹೋಗುತ್ತಾರೆ. ಆದರೆ ನನ್ನ ಡಬ್ಬಿಯ ಕಲ್ಲುಗಳನ್ನು ಹಿಡಿದು ಯಾರೂ ಎಲ್ಲಿಗೂ ಹೋಗಲಾರರು. ಕಲ್ಲು ಅದೇ ಕಲ್ಲು. ಇಲ್ಲದಿರುವುದು ಬೆರಳಗಲದ ಒಂದು ಚೀಟಿ ಮಾತ್ರ. ಇಂದು ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಮನೆಮನೆಗೆ ಶಹಾಬಾದಿನ ಫರಸಿ, ಇಳಕಲ್ಲಿನ ಕೆಂಪು ಗ್ರಾನೈಟು ಬರುತ್ತಿವೆ. ಕಲ್ಲುಗಳು ಹಿಂದೆಂದಿಗಿಂತ ವೇಗವಾಗಿ ಸ್ಥಳ ಬದಲಿಸುತ್ತಿರುವ ಕಾಲವಿದು. ಹಳ್ಳಿಗಳಿಂದ ಬಂದ ನಾವು ವಿದ್ಯಾರ್ಥಿಗಳು ನಮ್ಮ ನಮ್ಮ ಊರಿನ ಹಳ್ಳ ಗುಡ್ಡಗಳಲ್ಲಿ ಯಾವ ಕಲ್ಲುಗಳಿವೆಯೆಂಬುದನ್ನಾದರೂ ಬರೆದಿಡಬಾರದೇಕೆ? ಅದಕ್ಕೆ ಸಾಹೇಬರ ಪಾಂಡಿತ್ಯ ಬೇಡ. ಅವರ ಶಿಸ್ತಿನ ಒಂದು ಅಂಶವಿದ್ದರೆ ಸಾಕು. ಕಳೆದ ದೀಪಾವಳಿಯ ರಜೆಯಲ್ಲಿ ನಾನು ಊರಿಗೆ ಹೋದಾಗ ಹೊಸದಾಗಿ ಒಂದೇ ಒಂದು ಕಲ್ಲನ್ನು ತಂದೆ. ಮೊದಲು ಚೀಟಿ ಬರೆದು, ಆಮೇಲೆ ಅದನ್ನು ಡಬ್ಬಿಯಲ್ಲಿಟ್ಟೆ.